ಕಾಯಕಕ್ಕೆ ತಕ್ಕ ಕೂಲಿ

ಕಾರ್ತಿಕ ಮಾಸದ ಲಕ್ಷದೀಪೋತ್ಸವಕ್ಕೆಂದು ಧರ್ಮಸ್ಥಳಕ್ಕೆ ತೆರಳುವ ನಮ್ಮ ಬಯಲುಸೀಮೆಯ ಅನೇಕ ಭಕ್ತ ಕುಟುಂಬಗಳು ಚಾರ್ಮಾಡಿ ಘಟ್ಟವನ್ನು ಇಳಿದು ಬೆಳ್ತಂಗಡಿ ತಾಲ್ಲೂಕನ್ನು ಪ್ರವೇಶಿಸುತ್ತವೆ. ದೇವರ ದರ್ಶನವಾದ ಮೇಲೆ ಕೆಲವರು ಗುರುವಾಯನಕೆರೆ, ವೇಣೂರುಗಳ ಮಾರ್ಗವಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಹೋಗುತ್ತಾರೆ. ಮತ್ತೆ ಕೆಲವರು ಬಂಟ್ವಾಳದ ಬಿ. ಸಿ. ರೋಡಿನ ಮೂಲಕ ಮಂಗಳೂರಿನತ್ತ ಸಾಗುತ್ತಾರೆ. ಅಡಿಕೆ ತೋಟಗಳ ತಂಪು, ನೇತ್ರಾವತಿಯ ಹರಹು, ಕೆಂಪು ಹೆಂಚಿನ ಮನೆಗಳು ಯಾತ್ರಿಕರ ಕಣ್ಣಿಗೆ ಹಬ್ಬವೇ ಸರಿ. ಆದರೆ ಆ ಹೆಂಚಿನ ಮನೆಗಳ ಜಗಲಿಯ ಮೇಲೆ ಮಡಿಲಲ್ಲಿ ಗೆರಸಿಯನ್ನಿಟ್ಟುಕೊಂಡು, ತಲೆ ಬಾಗಿಸಿ ಕುಳಿತ ತಾಯಂದಿರತ್ತ ಎಷ್ಟು ಮಂದಿಯ ಗಮನ ಹರಿದಿದೆ? ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಪುಡಿಯನ್ನು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಆ ಕೈಗಳು ದಶಕಗಳಿಂದ ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಒಲೆಯನ್ನು ಉರಿಸಿವೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದ ಈ ಜಗಲಿಗಳಲ್ಲಿಲ್ಲ. ಬಡತನವೊಂದೇ ಅಲ್ಲಿಯ ಸಮಾನ ಬಂಧುತ್ವವಾಗಿದೆ.

ಈ ತಿಂಗಳ ಅಂಕಣದಲ್ಲಿ ಕನಿಷ್ಠ ಕೂಲಿಯ ವಿಚಾರವನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇನೆ. ಇದು ಕಾರ್ಮಿಕ ಸಂಘಗಳಿಗೂ ಸರಕಾರಕ್ಕೂ ಸಂಬಂಧಿಸಿದ ಸಂಗತಿ, ಮನೆವಾರ್ತೆಯ ಪತ್ರಿಕೆಗೇಕೆ ಎಂದು ಕೆಲವರಿಗೆ ಅನಿಸಬಹುದು. ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸದ ಪರಂಪರೆಗೆ ಸೇರಿದ ನಾವು ಆ ಕಾಯಕಕ್ಕೆ ಸಲ್ಲಬೇಕಾದ ಬೆಲೆಯ ಬಗ್ಗೆ ಮೌನವಾಗಿರುವುದು ಹೇಗೆ? ಕೂಲಿಯ ಪ್ರಶ್ನೆ ಮೊದಲು ಧರ್ಮದ ಪ್ರಶ್ನೆ, ಆಮೇಲೆ ಕಾನೂನಿನ ಪ್ರಶ್ನೆ.

ಮೊದಲು ಕಾನೂನಿನ ಹಿನ್ನೆಲೆಯನ್ನು ತಿಳಿಯೋಣ. ಡಾ. ಬಿ. ಆರ್. ಅಂಬೇಡ್ಕರ್ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕನಿಷ್ಠ ಕೂಲಿಯ ಮಸೂದೆಯನ್ನು ಮಂಡಿಸಿದರು. ಸ್ವಾತಂತ್ರ್ಯಾನಂತರ 1948ರಲ್ಲಿ ಅದು ಶಾಸನವಾಯಿತು. ಸಂಘಟಿತರಾಗಿ ಚೌಕಾಸಿ ಮಾಡಲಾರದ ಶ್ರಮಿಕರನ್ನು ಮೊದಲು ರಕ್ಷಿಸಬೇಕೆಂಬುದು ಅದರ ಉದ್ದೇಶವಾಗಿತ್ತು. ಆ ಶಾಸನದ ಮೂಲ ಅನುಸೂಚಿಯಲ್ಲಿಯೇ ಬೀಡಿ ತಯಾರಿಕೆಯೂ ಸೇರಿತ್ತೆಂಬುದು ಗಮನಾರ್ಹ. ಸಂವಿಧಾನದ 43ನೆಯ ವಿಧಿ ಜೀವನಯೋಗ್ಯ ಕೂಲಿಯನ್ನು ರಾಜ್ಯದ ಗುರಿಯೆಂದು ಸಾರಿತು. 1978ರ 44ನೆಯ ತಿದ್ದುಪಡಿಯು 38ನೆಯ ವಿಧಿಗೆ ಒಂದು ಮಾತನ್ನು ಸೇರಿಸಿ, ಆದಾಯದ ಅಸಮಾನತೆಗಳನ್ನು ಕಡಿಮೆ ಮಾಡಲು ಶ್ರಮಿಸುವುದು ರಾಜ್ಯದ ಕರ್ತವ್ಯವೆಂದು ಸ್ಪಷ್ಟಪಡಿಸಿತು.

ಕನಿಷ್ಠ ಎಂದರೆ ಎಷ್ಟು? 1957ರಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇದಕ್ಕೊಂದು ಅಳತೆಗೋಲನ್ನು ನೀಡಿತು. ಒಬ್ಬ ದುಡಿಮೆಗಾರನ ಕೂಲಿಯು ಮೂರು ಬಳಕೆ ಘಟಕಗಳ ಒಂದು ಸಂಸಾರಕ್ಕೆ ಸಾಲಬೇಕು. ವಯಸ್ಕನೊಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ ದೀಪಾದಿಗಳ ಖರ್ಚಿಗೆ ಒಟ್ಟು ಕೂಲಿಯ ಶೇ. 20 ಭಾಗ, ಇವೆಲ್ಲವೂ ಅದರಲ್ಲಿ ಅಡಕವಾಗಿರಬೇಕು ಎಂದು ಅದು ಹೇಳಿತು. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದ ತೀರ್ಪನ್ನಿತ್ತ ಸುಪ್ರೀಂ ಕೋರ್ಟು, ಮಕ್ಕಳ ವಿದ್ಯಾಭ್ಯಾಸ, ಔಷಧೋಪಚಾರ, ಹಬ್ಬಹರಿದಿನ, ವೃದ್ಧಾಪ್ಯ, ಮದುವೆ ಮುಂತಾದವುಗಳಿಗಾಗಿ ಇನ್ನೂ ಶೇ. 25 ಭಾಗವಿರಬೇಕೆಂದು ವಿಧಿಸಿತು. ಕನಿಷ್ಠ ಕೂಲಿಯೆಂಬುದು ಹೊಟ್ಟೆಯ ಗಂಜಿಗಷ್ಟೇ ಸಾಲುವ ಹಣವಲ್ಲ, ಮನುಷ್ಯ ಮನುಷ್ಯನಾಗಿ ಬಾಳಲು ಬೇಕಾದ ಕೆಳಗಿನ ಮೆಟ್ಟಿಲು ಎಂಬುದು ಇದರ ತಾತ್ಪರ್ಯ.

ಈ ಅಳತೆಗೋಲನ್ನು ಬಂಟ್ವಾಳದ ಜಗಲಿಗೆ ತಂದಾಗ ಏನಾಗುತ್ತದೆಂಬುದನ್ನು ನೋಡಬೇಕು. ಬೀಡಿ ಕಟ್ಟುವವರಿಗೆ ದಿನಗೂಲಿಯಿಲ್ಲ. ಸಾವಿರ ಬೀಡಿಗೆ ಇಷ್ಟೆಂದು ಸರಕಾರ ದರವನ್ನು ಗೊತ್ತುಮಾಡುತ್ತದೆ. ಬೆಲೆಯೇರಿಕೆಗೆ ಅನುಗುಣವಾಗಿ ತುಟ್ಟಿಭತ್ಯೆ ಸೇರುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಸಾವಿರ ಬೀಡಿ ಕಟ್ಟುವುದೆಂದರೆ ನುರಿತ ಕೈಗೂ ಎಂಟು ಹತ್ತು ಗಂಟೆಗಳ ಎಡೆಬಿಡದ ದುಡಿಮೆ. ನೀರು, ಅಡಿಗೆ, ದನಕರು, ಶಿಶುಪಾಲನೆಗಳ ನಡುವೆ ದಿನಕ್ಕೆ 600 ಬೀಡಿಯಾದರೆ ಹೆಚ್ಚೆಂದು ತಿಳಿಯೋಣ. ಸಾವಿರದ ದರವನ್ನು ನೂರು ಭಾಗವೆಂದು ಭಾವಿಸಿದರೆ ಆಕೆಗೆ ಸಲ್ಲುವುದು 60 ಭಾಗ. ಇನ್ನು ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪು ವಾರದ ಆರು ದಿನವೂ ದೊರೆಯದೆ ನಾಲ್ಕೇ ದಿನ ದೊರೆತರೆ, ಆರು ದಿನಕ್ಕೆ 600 ಭಾಗ ಬರಬೇಕಾದಲ್ಲಿ ಕೈಸೇರುವುದು 240 ಮಾತ್ರ. ಅಂದರೆ ಐದರಲ್ಲಿ ಎರಡು ಪಾಲು. ದರದಲ್ಲಿ ಒಂದು ಪೈಸೆಯೂ ವಂಚನೆಯಾಗದಿದ್ದರೂ ಕನಿಷ್ಠ ಕೂಲಿ ಹೀಗೆ ಕನಿಷ್ಠಕ್ಕಿಂತ ಕೆಳಗಿಳಿಯುತ್ತದೆ.

ಇದರ ಮೇಲೆ ಇತರ ಕಡಿತಗಳುಂಟು. ಎಲೆಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಹರಿದ, ಹುಳು ತಿಂದ ಎಲೆ ಹೆಚ್ಚಾಗಿದ್ದರೆ ಅಷ್ಟು ಎಲೆಯಲ್ಲಿ ಸಾವಿರ ಬೀಡಿ ಏಳದು. ಕೊರತೆಯನ್ನು ತುಂಬಲು ಕಟ್ಟುವವಳೇ ತನ್ನ ಹಣದಿಂದ ಎಲೆ ಕೊಳ್ಳಬೇಕಾಗುತ್ತದೆ. ಕಟ್ಟಿ ಒಯ್ದ ಬೀಡಿಯಲ್ಲಿ ಕೆಲವನ್ನು ಚೆನ್ನಾಗಿಲ್ಲವೆಂದು ತೆಗೆದಿಡುವುದುಂಟು, ಅದಕ್ಕೆ ಕೂಲಿಯಿಲ್ಲ. ಬೀಡಿ ಪುಸ್ತಕ ಒಬ್ಬಳ ಹೆಸರಿನಲ್ಲಿದ್ದು ಅತ್ತೆ, ಸೊಸೆ, ಮಗಳು ಎಲ್ಲರೂ ಕೈಗೂಡಿಸಿದರೆ ಮೂವರ ದುಡಿಮೆ ಒಬ್ಬಳದಾಗಿ ದಾಖಲಾಗುತ್ತದೆ. ಉಳಿದಿಬ್ಬರಿಗೆ ಭವಿಷ್ಯನಿಧಿಯೂ ಇಲ್ಲ, ಪಿಂಚಣಿಯೂ ಇಲ್ಲ. ಇವೆಲ್ಲಕ್ಕೂ ಮೂಲವಾಗಿ, ಇದು ಹೆಂಗಸರ ಬಿಡುವಿನ ವೇಳೆಯ ಕೆಲಸ, ಕೈಖರ್ಚಿನ ಕಾಸು ಎಂಬ ತಪ್ಪು ಭಾವನೆಯೊಂದು ಬೇರೂರಿದೆ. ಗಂಡ ತೀರಿಕೊಂಡ ಅಥವಾ ಹಾಸಿಗೆ ಹಿಡಿದ ಮನೆಗಳಲ್ಲಿ ಆ ಕಾಸೇ ಅಕ್ಕಿ, ಆ ಕಾಸೇ ಶಾಲೆಯ ಶುಲ್ಕ. ಹೊಗೆಸೊಪ್ಪಿನ ಧೂಳು ಎದೆಗಿಳಿಯುವುದಕ್ಕೂ, ಬಾಗಿದ ಬೆನ್ನು ನೋಯುವುದಕ್ಕೂ ಬಿಡುವಿನ ವೇಳೆಯೆಂಬ ವಿನಾಯಿತಿಯಿಲ್ಲ.

ಶ್ರಮಿಕರ ಪರವಾದ ಕಾನೂನುಗಳು ಸುಲಭವಾಗಿ ಬಂದವಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಶಾಸನ ಜಾರಿಯಾದಾಗ ಮಾಲಿಕರು ಅದನ್ನು ಪ್ರಶ್ನಿಸಿದರು. ಮನೆಯಲ್ಲಿ ಕುಳಿತು ಕಟ್ಟುವವರು ತಮ್ಮ ನೌಕರರಲ್ಲ, ಅವರು ಕಂತ್ರಾಟುದಾರರ ಕಡೆಯವರು ಎಂಬುದು ಮಾಲಿಕರ ವಾದವಾಗಿತ್ತು. ಮಂಗಳೂರಿನ ಬೀಡಿ ಉದ್ಯಮದ ಹೆಸರಿನಿಂದಲೇ ಪ್ರಸಿದ್ಧವಾದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಆ ಶಾಸನವನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಯೋಜನೆ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರೂ ಅದಕ್ಕೆ ಅರ್ಹರೆಂದು 1985ರಲ್ಲಿ ಅದೇ ನ್ಯಾಯಾಲಯ ಘೋಷಿಸಿತು. ಈ ಎಲ್ಲ ಹೋರಾಟಗಳ ಹಿಂದೆ ಕರಾವಳಿಯ ಕಾರ್ಮಿಕ ಸಂಘಟನೆಗಳ ದೀರ್ಘಕಾಲದ ಪರಿಶ್ರಮವಿತ್ತು. ಇಲ್ಲಿಂದ 1972 ಮತ್ತು 1978ರಲ್ಲಿ ವಿಧಾನಸಭೆಗೆ ಆಯ್ಕೆಯಾಗಿದ್ದ ದಿವಂಗತ ಬಿ. ವಿ. ಕಕ್ಕಿಲ್ಲಾಯರು (1919–2012) ಒಕ್ಕಲುಗಳ ಭೂಮಿಯ ಹಕ್ಕಿಗಾಗಿಯೂ ಕಾರ್ಮಿಕರ ಹಕ್ಕಿಗಾಗಿಯೂ ದನಿಯೆತ್ತಿದವರಲ್ಲಿ ಪ್ರಮುಖರು. ಅವರ ರಾಜಕೀಯ ಸಿದ್ಧಾಂತವನ್ನು ಒಪ್ಪದವರೂ ಅವರ ಸರಳ ಜೀವನವನ್ನು ಗೌರವಿಸಿದ್ದಾರೆ. 1974ರ ಭೂಸುಧಾರಣೆಯಿಂದ ಗೇಣಿ ಒಕ್ಕಲುಗಳು ನೆಲದ ಒಡೆಯರಾದರು. ಆ ಸಣ್ಣ ಹಿಡುವಳಿಗಳು ಫಲ ಕೊಡುವವರೆಗೆ ಮನೆಯನ್ನು ನಡೆಸಿದ್ದು ಅನೇಕ ಕಡೆ ಬೀಡಿಯ ಹಣವೇ.

ಕೂಲಿ ಹೆಚ್ಚಿಸಿದರೆ ಉದ್ಯಮವೇ ಊರು ಬಿಟ್ಟು ಹೋಗುವುದಲ್ಲವೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ಕೇರಳ ಸರಕಾರ 1968ರಲ್ಲಿ ಮೇಲೆ ಹೇಳಿದ ಶಾಸನವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಾಗ, ಮಂಗಳೂರು ಮೂಲದ ದೊಡ್ಡ ಮಾಲಿಕರು ಕಣ್ಣೂರು ಕಡೆಯ ತಮ್ಮ ಕೆಲಸದ ಶಾಲೆಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲಸ ಕಳೆದುಕೊಂಡವರೇ ಸರಕಾರದ ನೆರವಿನಿಂದ 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಕಾನೂನಿನ ಕೂಲಿ, ರಜೆ, ಬೋನಸು ಎಲ್ಲವನ್ನೂ ಕೊಟ್ಟು ಆ ಸಂಘ ದಶಕಗಳ ಕಾಲ ನಡೆಯಿತು. ಬೀಡಿ ಸೇದುವವರು ಕಡಿಮೆಯಾಗತೊಡಗಿದಾಗ ಆಹಾರ ಪದಾರ್ಥ, ಕೊಡೆ, ಉಡುಪುಗಳ ತಯಾರಿಕೆಗೆ ತಿರುಗಿತು. ನ್ಯಾಯವಾದ ಕೂಲಿಯೂ ವ್ಯಾಪಾರವೂ ಒಟ್ಟಿಗೆ ಬಾಳಲಾರವು ಎಂಬ ಮಾತು ನಿತ್ಯಸತ್ಯವಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇರುವ ನಿದರ್ಶನವಿದು.

ಉದ್ಯಮ ಕೂಲಿ ಅಗ್ಗವಾದ ರಾಜ್ಯಕ್ಕೆ ಓಡದಂತೆ ತಡೆಯಲು ಇನ್ನೊಂದು ಮಾರ್ಗವುಂಟು. ಅದು ದೇಶಕ್ಕೆಲ್ಲ ಅನ್ವಯಿಸುವ ಒಂದು ತಳಮಟ್ಟದ ಕೂಲಿ. 1996ರಲ್ಲಿ ಕೇಂದ್ರ ಸರಕಾರ ದಿನಕ್ಕೆ 35 ರೂಪಾಯಿಯೆಂದು ಇಂಥ ಮಟ್ಟವನ್ನು ಸೂಚಿಸಿತು. 2017ರಲ್ಲಿ ಅದು 176 ರೂಪಾಯಿಗೆ ಏರಿತು. ಅದು ಕೇವಲ ಸಲಹೆಯಾಗಿತ್ತು, ಕಾನೂನಿನ ಬಲವಿರಲಿಲ್ಲ. 2019ರಲ್ಲಿ ಅನೂಪ್ ಸತ್ಪಥಿ ಅವರ ನೇತೃತ್ವದ ತಜ್ಞ ಸಮಿತಿಯು ದಿನಕ್ಕೆ 375 ರೂಪಾಯಿಯಾದರೂ ಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, 1948ರ ಶಾಸನದ ಸ್ಥಾನವನ್ನು ಪಡೆದಿದೆ. ಕೇಂದ್ರವು ಗೊತ್ತುಮಾಡುವ ತಳಮಟ್ಟಕ್ಕಿಂತ ಕಡಿಮೆ ಕೂಲಿಯನ್ನು ಯಾವ ರಾಜ್ಯವೂ ನಿಗದಿ ಮಾಡಬಾರದೆಂಬುದು ಈ ಸಂಹಿತೆಯ ಒಂದು ಮುಖ್ಯ ಅಂಶ. ಆ ತಳಮಟ್ಟ ಎಷ್ಟು ಎತ್ತರದಲ್ಲಿರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ನೆಲಕ್ಕೆ ತಾಗಿದ ಮೆಟ್ಟಿಲಿನಿಂದ ಯಾರೂ ಮೇಲೇರಲಾರರು.

ಬೀಡಿ ಆರೋಗ್ಯಕ್ಕೆ ಮಾರಕ, ಅಂಥ ಉದ್ಯಮ ಅಳಿದರೇನು ನಷ್ಟ ಎಂಬ ಪ್ರಶ್ನೆಯೂ ಸಹಜವೇ. ಹೊಗೆಸೊಪ್ಪಿನ ಚಟ ಸಮಾಜವನ್ನು ಕಾಡುವ ಪಿಡುಗೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಟದ ವಿರುದ್ಧದ ಹೋರಾಟದ ಖರ್ಚನ್ನು ಜಗಲಿಯ ಮೇಲಿನ ತಾಯಿಯ ಮೇಲೆ ಹೊರಿಸುವುದು ಯಾವ ನ್ಯಾಯ? ಬೀಡಿಯ ಮೇಲಿನ ಸೆಸ್ಸಿನಿಂದ 1976ರಲ್ಲಿ ಏರ್ಪಟ್ಟ ಕಲ್ಯಾಣನಿಧಿಯು ಆಕೆಯ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ, ಚಿಕಿತ್ಸೆಯನ್ನೂ ಒದಗಿಸುತ್ತಿತ್ತು. 2017ರಲ್ಲಿ ಹೊಸ ತೆರಿಗೆ ಪದ್ಧತಿ ಬಂದಾಗ ಆ ಸೆಸ್ಸು ರದ್ದಾಯಿತು. ತೆರಿಗೆ ಉಳಿಯಿತು, ಕಾರ್ಮಿಕರಿಗೆಂದೇ ಮೀಸಲಾದ ಆದಾಯದ ಮೂಲ ಬತ್ತಿತು. ಉದ್ಯಮ ಕ್ಷೀಣಿಸುತ್ತಿರುವ ಈ ಕಾಲದಲ್ಲಿ ಬೇರೆ ಕಸುಬು ಕಲಿಯಲು ನೆರವು, ಇಳಿವಯಸ್ಸಿನವರಿಗೆ ತಕ್ಕ ಪಿಂಚಣಿ, ಕೆಲಸವಿರುವಷ್ಟು ದಿನ ಪೂರ್ಣ ಕೂಲಿ, ಈ ಮೂರೂ ಬೇಕು. 2014ರಲ್ಲಿ ನೌಕರರ ಪಿಂಚಣಿಗೆ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿಯನ್ನು ವಿಧಿಸಲಾಯಿತು. ಮೂವತ್ತು ವರ್ಷ ಬೆನ್ನು ಬಾಗಿಸಿದವಳಿಗೆ ಆ ಮೊತ್ತ ಎಷ್ಟು ದಿನದ ಔಷಧಕ್ಕೆ ಸಾಲುತ್ತದೆಂಬುದನ್ನು ಸುಜ್ಞ ಓದುಗರೇ ಊಹಿಸಬಲ್ಲರು.

ಇಲ್ಲಿ ಸಮಾಜಸೇವೆಯ ಪಾತ್ರವೇನು? ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ, ಅದೇ ವರ್ಷ ಉಜಿರೆಯಲ್ಲಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆಯೂ ಸ್ವಸಹಾಯ, ಉಳಿತಾಯ, ಸ್ವಉದ್ಯೋಗಗಳ ದಾರಿಯನ್ನು ತೋರಿದವು. ಮಂಗಳೂರಿನ ರೋಶನಿ ನಿಲಯವು 1960ರಿಂದ ಸಮಾಜಕಾರ್ಯದ ಶಿಕ್ಷಣವನ್ನು ನೀಡುತ್ತ ಬಂದಿದೆ. ಇಂಥ ಸೇವೆಯ ಜೊತೆಗೆ ಹಕ್ಕಿನ ಪರವಾಗಿ ನಿಂತು ಮಾತನಾಡುವ ಸೇವೆಯೂ ಅಗತ್ಯ. ಸಾಲ ದೊರಕಿಸುವುದು ಒಂದು ಉಪಕಾರ. ದುಡಿದ ಕೂಲಿ ಪೂರ್ಣವಾಗಿ ಕೈಸೇರುವಂತೆ ಮಾಡುವುದು ಅದಕ್ಕಿಂತ ಮೊದಲಿನ ಉಪಕಾರ. ಕೂಲಿ ಸಾಲದಿದ್ದಾಗ ತೆಗೆದ ಸಾಲವನ್ನು ತೀರಿಸುವುದೂ ಅದೇ ಸಾಲದ ಕೂಲಿಯಿಂದಲೇ ಅಲ್ಲವೇ? ಓದು ಬಲ್ಲ ಯುವಕ ಯುವತಿಯರು ನೆರೆಮನೆಯ ತಾಯಿಯ ಬೀಡಿ ಪುಸ್ತಕವನ್ನು ಓದಿಹೇಳಬಹುದು. ಭವಿಷ್ಯನಿಧಿಯ ದಾಖಲೆಯಲ್ಲೂ ಆಧಾರ್ ಚೀಟಿಯಲ್ಲೂ ಹೆಸರು, ಹುಟ್ಟಿದ ದಿನಾಂಕ ಹೊಂದದಿದ್ದರೆ ತಿದ್ದಿಸಿಕೊಡಬಹುದು. ಜೊತೆಯಾಗಿ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬಹುದು. ಹಿಂದೆ ಕಡಿಮೆ ಕೂಲಿಯ ದೂರನ್ನು ಆರು ತಿಂಗಳೊಳಗೆ ಸಲ್ಲಿಸಬೇಕಿತ್ತು. ಹೊಸ ಸಂಹಿತೆಯಲ್ಲಿ ಮೂರು ವರ್ಷಗಳ ಅವಕಾಶವಿದೆ. ಕೂಲಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲಿಕನದೇ ಆಗಿದೆ. ಈ ಎರಡು ಸಂಗತಿಗಳನ್ನು ತಿಳಿಸಿಕೊಟ್ಟರೂ ದೊಡ್ಡ ಸೇವೆಯೇ ಸರಿ.

ಪರರ ವಿಚಾರ ಇಷ್ಟಾಯಿತು. ಈಗ ನಮ್ಮ ಮನೆಯತ್ತ ನೋಡೋಣ. ನಮ್ಮ ಸಮಾಜದಲ್ಲಿ ಜಮೀನುದಾರರಿದ್ದಾರೆ, ಅಂಗಡಿ ಗಿರಣಿಗಳ ಒಡೆಯರಿದ್ದಾರೆ, ವಿದ್ಯಾಸಂಸ್ಥೆಗಳನ್ನು ನಡೆಸುವವರಿದ್ದಾರೆ. ಪಾತ್ರೆ ತೊಳೆದು ಕಸ ಗುಡಿಸುವ ಹೆಣ್ಣುಮಗಳು ಬಹುತೇಕ ಮನೆಗಳಲ್ಲಿದ್ದಾಳೆ. ಕರ್ನಾಟಕ ಸರಕಾರವು ಮನೆಗೆಲಸದವರಿಗೂ 2004ರಲ್ಲಿಯೇ ಕನಿಷ್ಠ ಕೂಲಿಯನ್ನು ನಿಗದಿಪಡಿಸಿತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರಲ್ಲಿ ಎಷ್ಟು ಜನ ಆ ದರವನ್ನು ಕೇಳಿ ತಿಳಿದುಕೊಂಡಿದ್ದಾರೆ? ಹಬ್ಬಕ್ಕೊಂದು ಹಳೆಯ ಸೀರೆ, ಉಳಿದ ಹೋಳಿಗೆ ಕೊಟ್ಟು ಧನ್ಯತೆ ಪಡುವ ನಾವು, ಆಕೆ ಎರಡು ದಿನ ಜ್ವರದಲ್ಲಿ ಮಲಗಿದರೆ ಸಂಬಳ ಹಿಡಿಯುವುದುಂಟು. ಕೆಲವು ಖಾಸಗಿ ಶಾಲೆಗಳಲ್ಲಿ ಅಧ್ಯಾಪಕಿಯರು ಸಹಿ ಹಾಕುವ ಮೊತ್ತವೊಂದು, ಕೈಗೆ ಬರುವ ಮೊತ್ತ ಮತ್ತೊಂದು ಎಂಬ ದೂರು ಹಳೆಯದು. ಅಂಥ ಸಂಸ್ಥೆ ಯಾರದೇ ಇರಲಿ, ಯಾವ ಮಹಾತ್ಮರ ಹೆಸರನ್ನೇ ಹೊತ್ತಿರಲಿ, ಅಲ್ಲಿ ಆ ಹೆಸರಿಗೆ ಕಳಂಕ ತಗಲುತ್ತದೆ.

1982ರಲ್ಲಿ ಸುಪ್ರೀಂ ಕೋರ್ಟು ಏಷ್ಯನ್ ಕ್ರೀಡಾಕೂಟದ ನಿರ್ಮಾಣ ಕಾರ್ಮಿಕರ ಪ್ರಕರಣದಲ್ಲಿ ಮಹತ್ವದ ಮಾತೊಂದನ್ನು ಹೇಳಿತು. ಹಸಿವಿನ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ, ಅದು ಸಂವಿಧಾನದ 23ನೆಯ ವಿಧಿಯ ಉಲ್ಲಂಘನೆಯೇ ಎಂದು ಅದು ನಿರ್ಣಯಿಸಿತು. ಅವಳೇ ಒಪ್ಪಿ ಬಂದಿದ್ದಾಳೆ, ನಾವೇನು ಬಲವಂತ ಮಾಡಿದೆವೇ ಎಂಬ ನಮ್ಮ ಸಮಾಧಾನದ ಮಾತಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ದಂಪತಿಗಳ ಪ್ರಸಂಗವನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ನಿತ್ಯದ ಪ್ರಮಾಣವನ್ನು ಮೀರಿ ಅಕ್ಕಿ ತಂದ ಪತಿಯನ್ನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಕಳುಹಿದಳೆಂದು ಪರಂಪರೆ ಹೇಳುತ್ತದೆ. ಬಡವರು ಆಸೆಪಡಬಾರದೆಂಬ ಉಪದೇಶವಾಗಿ ಈ ಕಥೆಯನ್ನು ಹೇಳುವವರುಂಟು. ಅದು ಸರಿಯಾದ ಅರ್ಥವೆಂದು ನನಗೆ ತೋರದು. ತನ್ನ ಪಾಲಿಗಿಂತ ಹೆಚ್ಚಾದದ್ದು ಮನೆಗೆ ಬಂದಾಗ, ಇದು ಯಾರ ಪಾಲು ಎಂದು ಕೇಳುವ ಗೃಹಿಣಿಯ ಕಥೆ ಅದು. ಇಂದು ಆ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದವರು ಕೂಲಿ ಪಡೆಯುವವರಲ್ಲ, ಕೂಲಿ ಕೊಡುವವರು. ಅನ್ಯರ ಬೆವರಿನ ಬೆಲೆಯನ್ನು ಹಿಡಿದಿಟ್ಟು ಉಳಿಸಿದ ಹಣದಿಂದ ನಡೆಸಿದ ದಾಸೋಹ ದಾಸೋಹವಾಗಲಾರದು. ಅವರದನ್ನು ಅವರಿಗೇ ಹಿಂದಿರುಗಿಸುವ ಕೆಲಸಕ್ಕೆ ದಾನವೆಂಬ ಹೆಸರು ಸಲ್ಲದು.

ಆದುದರಿಂದ ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮನೆಯ ಯಜಮಾನಿಯರಾದ ತಾಯಂದಿರಲ್ಲಿ, ನನ್ನ ವಿನಂತಿಯಿಷ್ಟೆ. ನಿಮ್ಮ ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ದುಡಿಯುವವರಿಗೆ ಸರಕಾರ ಗೊತ್ತುಮಾಡಿದ ಈಗಿನ ದರವೆಷ್ಟೆಂಬುದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಈ ತಿಂಗಳೊಳಗೆ ವಿಚಾರಿಸಿರಿ. ನೀವು ಕೊಡುವುದು ಅದಕ್ಕಿಂತ ಕಡಿಮೆಯಿದ್ದರೆ ಬರುವ ತಿಂಗಳಿನಿಂದಲೇ ಸರಿಪಡಿಸಿರಿ. ವಾರಕ್ಕೊಂದು ದಿನ ಸಂಬಳ ಸಹಿತ ಬಿಡುವು ಕೊಡಿರಿ. ಸಂಘಸಂಸ್ಥೆಗಳ ಪದಾಧಿಕಾರಿಗಳಾಗಿರುವವರು ಮುಂದಿನ ಸಭೆಯಲ್ಲಿ ಸಂಬಳದ ಪಟ್ಟಿಯನ್ನು ತರಿಸಿ ಕಣ್ಣಾಡಿಸಿರಿ. ಇದಕ್ಕೆ ಚಳವಳಿ ಬೇಡ, ಠರಾವು ಬೇಡ, ವೇದಿಕೆ ಬೇಡ. ಲೆಕ್ಕದ ಪುಸ್ತಕವನ್ನು ತೆರೆಯುವ ಧೈರ್ಯವೊಂದಿದ್ದರೆ ಸಾಕು.